ಪಾಠವಿಲ್ಲದ ಪೀರಿಯಡ್ ಬೇಕು

ಜನವರಿ ಬಂತೆಂದರೆ ನಮ್ಮ ಪ್ರೌಢಶಾಲೆಗಳ ಹತ್ತನೇ ತರಗತಿಯ ಮಕ್ಕಳಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಶಾಲೆ ಶುರುವಾಗುವ ಮುಂಚೆ ಒಂದು ವಿಶೇಷ ತರಗತಿ, ಆಮೇಲೆ ಎಂದಿನ ಪೀರಿಯಡ್‌ಗಳು, ಸಂಜೆಯ ಗಂಟೆ ಹೊಡೆದ ಮೇಲೆ ಮತ್ತೊಂದು ವಿಶೇಷ ತರಗತಿ. ಕೆಲವು ಕಡೆ ರಾತ್ರಿ ಶಾಲೆಯಲ್ಲೇ ಗುಂಪು ಅಧ್ಯಯನ, ಬೆಳಗಿನ ಜಾವ ಐದಕ್ಕೆ ಮೇಷ್ಟರ ಫೋನ್: ‘ಎದ್ದೆಯೇನಪ್ಪಾ?’ ಪೇಟೆಯ ಮಕ್ಕಳಾದರೆ ಇದರ ಮೇಲೆ ಟ್ಯೂಷನ್. ಇಷ್ಟೂ ಹೊತ್ತು ಯಾರೋ ಒಬ್ಬರು ಹೇಳುತ್ತಿರುತ್ತಾರೆ, ಮಗು ಕೇಳುತ್ತಿರುತ್ತದೆ, ಇಲ್ಲವೇ ಬರೆದುಕೊಳ್ಳುತ್ತಿರುತ್ತದೆ. ತನಗೆ ಬಾರದ ಒಂದು ಲೆಕ್ಕದ ಮುಂದೆ ಕೂತು ತಲೆ ಕೆರೆದುಕೊಳ್ಳುವುದಕ್ಕೆ ಆ ದಿನಚರಿಯಲ್ಲಿ ಜಾಗವೇ ಇಲ್ಲ.

ಗಣಿತ ಕಲಿಸುವವನಾಗಿ ನನ್ನ ವಾದ ಇಷ್ಟೇ. ವಾರಕ್ಕೆ ಎರಡು ಪೀರಿಯಡ್‌ಗಳಲ್ಲಾದರೂ ತಾನು ಏನು ಓದಬೇಕೆಂಬುದನ್ನು ವಿದ್ಯಾರ್ಥಿ ತಾನೇ ಗೊತ್ತುಮಾಡಿಕೊಂಡು ಓದುವಂತಿರಬೇಕು. ಆ ಹೊತ್ತು ಶಾಲೆಯ ವೇಳಾಪಟ್ಟಿಯ ಒಳಗೇ ಸಿಗಬೇಕು. ಅದನ್ನು ಎಂಟನೇ ತರಗತಿಯಲ್ಲೇ ಶುರುಮಾಡಬೇಕು, ಹತ್ತನೇ ತರಗತಿಯ ಕೊನೆಗಲ್ಲ.

‘ಅದನ್ನೆಲ್ಲ ಮನೆಯಲ್ಲಿ ಓದಿಕೊಳ್ಳಲಿ’ ಎನ್ನುವವರು ಮೇಜು, ಕುರ್ಚಿ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಗೆ ಬರುವ ಹುಡುಗಿ ಮನೆ ಮುಟ್ಟುವುದು ಬಸ್ಸು ಬಂದಾಗ. ಹೋದ ಕೂಡಲೇ ಪಾತ್ರೆ ಬೆಳಗಬೇಕು, ಡೇರಿಗೆ ಹಾಲು ಹಾಕಿ ಬರಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಓದಲು ಕೂರುವ ಕೋಣೆಯಲ್ಲೇ ಟಿ.ವಿ. ಇರುತ್ತದೆ, ಅದರ ಮುಂದೆ ಮನೆಯವರೆಲ್ಲ ಇರುತ್ತಾರೆ. ಹುಡುಗರಿಗೆ ಮನೆಗೆಲಸ ಕಡಿಮೆ, ಆದರೆ ಮೊಬೈಲ್ ಹೆಚ್ಚು. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಕೈಗೆ ಬಂದ ಫೋನ್ ಆಮೇಲೆ ಕೈಬಿಡಲಿಲ್ಲ. ಸ್ವಂತವಾಗಿ ಓದುವ ಹೊತ್ತನ್ನು ಮನೆಗೆ ಹೊರಿಸಿದರೆ ಅದು ಸಿಗುವುದು ಮೇಷ್ಟರ ಮಕ್ಕಳಿಗೆ, ನೌಕರರ ಮಕ್ಕಳಿಗೆ. ಉಳಿದವರಿಗೆ ಶಾಲೆಯೇ ಕೊಡಬೇಕು.

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿಸುವುದರಿಂದ ಆಗುವುದೇನು ಎಂಬುದಕ್ಕೆ ಒಂದು ಪ್ರಯೋಗವನ್ನು ಸಹೋದ್ಯೋಗಿಗಳ ಮುಂದೆ ಆಗಾಗ ಇಡುತ್ತೇನೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅದನ್ನು ಪ್ರಕಟಿಸಿದ್ದು 2006ರಲ್ಲಿ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಮುಂದಿನ ಮೂರು ಅವಧಿಗಳಲ್ಲಿ ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಅವರಿಗೆ ಶೇ 83ರಷ್ಟು ನೆನಪಿತ್ತು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಪರೀಕ್ಷಿಸಿದಾಗ ಲೆಕ್ಕ ತಲೆಕೆಳಗಾಯಿತು. ಓದಿದವರಲ್ಲಿ ಉಳಿದದ್ದು ಶೇ 40, ಬರೆದವರಲ್ಲಿ ಶೇ 61. ಮೊದಲ ಗುಂಪಿನವರು ಆ ಗದ್ಯವನ್ನು ಸರಾಸರಿ ಹದಿನಾಲ್ಕು ಸಲ ಓದಿದ್ದರು, ಎರಡನೆಯವರು ಮೂರು ಚಿಲ್ಲರೆ ಸಲ. ಆದರೂ ‘ನಮಗೆ ಚೆನ್ನಾಗಿ ನೆನಪಿರುತ್ತದೆ’ ಎಂಬ ಭರವಸೆ ಹೆಚ್ಚಾಗಿದ್ದದ್ದು ಹದಿನಾಲ್ಕು ಸಲ ಓದಿದವರಿಗೆ!

ನಮ್ಮ ಸಂಜೆಯ ವಿಶೇಷ ತರಗತಿ ಬಹುಪಾಲು ಈ ಮೊದಲ ಗುಂಪಿನ ಕೆಲಸ. ಡಿಸೆಂಬರ್‌ಗೆ ಮುಗಿದ ಪಾಠ ಜನವರಿಯಲ್ಲಿ ಎರಡನೇ ಸಲ, ಫೆಬ್ರವರಿಯಲ್ಲಿ ಮೂರನೇ ಸಲ. ಮಕ್ಕಳು ತಲೆಯಾಡಿಸುತ್ತಾರೆ, ‘ಗೊತ್ತು ಸರ್’ ಎನ್ನುತ್ತಾರೆ. ಸುಳ್ಳೇನೂ ಹೇಳುವುದಿಲ್ಲ, ಕೇಳುವಾಗ ಗೊತ್ತಿರುವಂತೆಯೇ ಅನಿಸುತ್ತದೆ. ಪುಸ್ತಕ ಮುಚ್ಚಿ ಒಂಟಿಯಾಗಿ ಬರೆಯಲು ಕೂತಾಗ ಮಾತ್ರ ಎಲ್ಲಿ ಕಡಿದುಹೋಗಿದೆ ಎಂಬುದು ಕಾಣುತ್ತದೆ. ಹಾಗೆ ಕೂರಲು ಹೊತ್ತು ಬೇಕು.

ನಾನು ನಡೆಸುವ ಸ್ವಯಂ ಅಧ್ಯಯನದ ಪೀರಿಯಡ್‌ನ ಕ್ರಮ ಸರಳ. ಗಂಟೆ ಹೊಡೆದ ಕೂಡಲೇ ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಇವತ್ತು ಏನು ಮಾಡುತ್ತೇನೆ, ಯಾಕೆ ಎಂದು ಎರಡು ಸಾಲು ಬರೆಯಬೇಕು. ‘ಗಣಿತ’ ಎಂದಷ್ಟೇ ಬರೆದರೆ ವಾಪಸು ಕೊಡುತ್ತೇನೆ. ‘ಸಮಾಂತರ ಶ್ರೇಢಿಯಲ್ಲಿ ಮೊತ್ತದ ಸೂತ್ರ ಯಾವಾಗ ಹಾಕಬೇಕೆಂದು ತಿಳಿಯುತ್ತಿಲ್ಲ’ ಎಂದಿದ್ದರೆ ಸರಿ. ಯಾವ ವಿಷಯವಾದರೂ ಆಗಬಹುದು, ಯಾವ ತರಗತಿಯ ಪುಸ್ತಕವಾದರೂ ಆಗಬಹುದು. ಅರ್ಧ ಹೊತ್ತಾದರೂ ಪುಸ್ತಕ ಮುಚ್ಚಿರಬೇಕು. ಮೊದಲ ಹತ್ತು ನಿಮಿಷ ನನ್ನನ್ನು ಏನೂ ಕೇಳುವಂತಿಲ್ಲ. ಕೊನೆಯಲ್ಲಿ ಅದೇ ಚೀಟಿಯ ಹಿಂದೆ, ಎಲ್ಲಿ ಸಿಕ್ಕಿಕೊಂಡೆ ಎಂದು ಬರೆದು ಕೊಟ್ಟು ಹೋಗಬೇಕು.

ಮೊದಲ ಕೆಲವು ವಾರ ಇದು ನೋಡಲು ಚೆನ್ನಾಗಿರುವುದಿಲ್ಲ. ‘ಸರ್, ಏನು ಓದಲಿ?’ ಎಂದು ಸಾಲಾಗಿ ಬಂದು ನಿಲ್ಲುತ್ತಾರೆ. ಒಂದನೇ ತರಗತಿಯಿಂದಲೂ ಪುಟ ಸಂಖ್ಯೆ ಸಮೇತ ಹೇಳಿಸಿಕೊಂಡು ಬಂದವರಿಗೆ ಬೇರೇನು ತೋಚಬೇಕು? ಇನ್ನು ಕೆಲವರು ಹೃದಯದ ಚಿತ್ರಕ್ಕೆ ಕೆಂಪು, ನೀಲಿ ಸ್ಕೆಚ್ ಪೆನ್ನಿನಲ್ಲಿ ನಲವತ್ತು ನಿಮಿಷ ಬಣ್ಣ ತುಂಬುತ್ತಾರೆ. ಗೈಡ್‌ನಿಂದ ಪ್ರಶ್ನೋತ್ತರಗಳನ್ನು ಅಂಚುಗೆರೆ ಹಾಕಿ ಮುದ್ದಾಗಿ ಇಳಿಸುವವರಂತೂ ಪ್ರತಿ ತರಗತಿಯಲ್ಲೂ ಇದ್ದಾರೆ. ಕೈ ಓಡುತ್ತಿರುತ್ತದೆ, ಹಾಳೆ ತುಂಬುತ್ತಿರುತ್ತದೆ, ತಲೆಗೆ ಕೆಲಸವಿಲ್ಲ. ಅವರನ್ನು ಗದರುವುದಿಲ್ಲ. ಹಾಳೆ ಮಗುಚಿ, ‘ಈಗ ನೋಡದೆ ಹೇಳಮ್ಮಾ’ ಎಂದರೆ ಸಾಕು, ಮುಂದಿನ ವಾರ ಚೀಟಿಯ ಮಾತು ಬದಲಾಗಿರುತ್ತದೆ.

ಇದರಲ್ಲಿ ಹೆಚ್ಚು ಕಷ್ಟಪಡುವುದು ಶಿಕ್ಷಕರೇ ಎನ್ನಬೇಕು. ಮಗು ತಪ್ಪು ದಾರಿಯಲ್ಲಿ ಎರಡು ಸಾಲು ಮುಂದೆ ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿರುವಾಗ ಬಾಯಿ ಮುಚ್ಚಿಕೊಂಡು ನಿಲ್ಲುವುದು ನಮ್ಮ ಕಸುಬಿನವರಿಗೆ ಸುಲಭವಲ್ಲ.

ಚೀಟಿಯಿಂದ ಸಿಕ್ಕುವುದೇನೆಂದು ಒಬ್ಬ ಹುಡುಗಿಯ ಉದಾಹರಣೆ ಕೊಡುತ್ತೇನೆ. ಹತ್ತನೇ ತರಗತಿ, ಮಾತು ಕಡಿಮೆ, ಪಾಠದ ಹೊತ್ತಿನಲ್ಲಿ ಎಲ್ಲದಕ್ಕೂ ಹೂಂಗುಟ್ಟುವವಳು. ಅವಳ ಚೀಟಿಗಳಲ್ಲಿ ವಾರ ವಾರವೂ ವರ್ಗ ಸಮೀಕರಣವೇ. ಅಪವರ್ತನ ವಿಧಾನದಲ್ಲಿ ಗುಣಲಬ್ಧ ಋಣ ಆರು, ಮೊತ್ತ ಋಣ ಒಂದು ಬರುವ ಎರಡು ಸಂಖ್ಯೆ ಹುಡುಕಬೇಕಾಗಿತ್ತು. ಅವಳು ಬರೆದದ್ದು ಋಣ ಮೂರು ಮತ್ತು ಋಣ ಎರಡು. ‘ಯಾಕಮ್ಮಾ?’ ಎಂದರೆ, ‘ಉತ್ತರ ಮೈನಸ್ ಇದೆಯಲ್ಲ ಸರ್, ಅದಕ್ಕೆ ಎರಡೂ ಮೈನಸ್’ ಎಂದಳು. ಅವಳಿಗೆ ಬಾರದಿದ್ದದ್ದು ವರ್ಗ ಸಮೀಕರಣವಲ್ಲ. ಋಣ ಸಂಖ್ಯೆಗಳ ಗುಣಾಕಾರ ಅವಳಿಗೆ ಎಂದೂ ಹತ್ತಿರಲಿಲ್ಲ. ಅಂದರೆ ತೊಡಕು ಇದ್ದದ್ದು ಏಳನೇ ತರಗತಿಯ ಪುಸ್ತಕದಲ್ಲಿ. ವರ್ಗ ಸಮೀಕರಣವನ್ನು ನಾನು ಇನ್ನೆಷ್ಟು ಸಲ ಪಾಠ ಮಾಡಿದರೂ ಅದು ಹೊರಬೀಳುತ್ತಿರಲಿಲ್ಲ. ಇಡೀ ತರಗತಿಯನ್ನು ಏಳನೆಯದಕ್ಕೆ ಕರೆದೊಯ್ಯಲು ಸಾಧ್ಯವೂ ಇಲ್ಲ, ಬೇಕೂ ಇಲ್ಲ. ಅವಳೊಬ್ಬಳು ಆ ಪೀರಿಯಡ್‌ನಲ್ಲಿ ಹಳೆಯ ಪುಸ್ತಕ ತೆಗೆದುಕೊಂಡು ಪೂರ್ಣಾಂಕಗಳ ಪಾಠದ ಅಭ್ಯಾಸ ಮಾಡಿದಳು. ಪಕ್ಕದವಳು ಅದೇ ಹೊತ್ತಿನಲ್ಲಿ ತ್ರಿಕೋನಮಿತಿ ಮಾಡುತ್ತಿದ್ದಳು. ಬೇರೆ ಬೇರೆ ಕಡೆ ನಿಂತಿರುವ ಮಕ್ಕಳು ತಾವಿದ್ದಲ್ಲಿಂದ ಹೊರಡಬಹುದಾದ ನಲವತ್ತು ನಿಮಿಷ ವೇಳಾಪಟ್ಟಿಯಲ್ಲಿ ಬೇರೆಲ್ಲಿದೆ?

ಈ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಒಗ್ಗುವುದಿಲ್ಲ. ಇದನ್ನು ಹೊಗಳುವವರು ಸಾಮಾನ್ಯವಾಗಿ ಈ ಮಾತನ್ನು ಹಾರಿಸಿಬಿಡುತ್ತಾರೆ. ಅದೇ 2006ರಲ್ಲಿ ಪಾಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ ಎಂಬ ಮೂವರು ವಿದ್ವಾಂಸರು, ಮಾರ್ಗದರ್ಶನವನ್ನು ತೀರಾ ಕಡಿಮೆ ಮಾಡಿದ ಬೋಧನೆ ಹೊಸದಾಗಿ ಕಲಿಯುವವರಿಗೆ ಫಲ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಬರೆದರು. ನಾನು ಕಂಡಂತೆಯೂ ಅದು ನಿಜ. ಭಿನ್ನರಾಶಿ ಕೂಡಿಸಲು ಬಾರದ ಹುಡುಗನಿಗೆ ‘ನಿನಗೆ ಬೇಕಾದ್ದನ್ನು ಓದು’ ಎನ್ನುವುದು ಈಜು ಬಾರದವನನ್ನು ಬಾವಿಗೆ ದೂಡಿದಂತೆ. ಅಂಥವರಿಗೆ ಎರಡೇ ಆಯ್ಕೆ ಕೊಡುತ್ತೇನೆ: ಇದು ಇಲ್ಲವೇ ಇದು, ಯಾವುದು ನೀನೇ ಹೇಳು. ಅವರನ್ನು ನನ್ನ ಮೇಜಿನ ಹತ್ತಿರ ಕೂರಿಸುತ್ತೇನೆ, ಹತ್ತು ನಿಮಿಷದ ನಿಯಮ ಅವರಿಗಿಲ್ಲ. ತೇರ್ಗಡೆಯ ಅಂಚಿನಲ್ಲಿರುವವರಿಗೆ ಹಂಚುವ ‘ಪಾಸಿಂಗ್ ಪ್ಯಾಕೇಜ್’ ಅನ್ನು ನಾನು ಹಳಿಯುವುದಿಲ್ಲ. ಆದರೆ ಅದೇ ಕಿರುಹೊತ್ತಗೆಯನ್ನು ಚೆನ್ನಾಗಿ ಓದಬಲ್ಲ ಮಕ್ಕಳ ಕೈಗೂ ಕೊಟ್ಟು ಬಾಯಿಪಾಠ ಮಾಡಿಸುವುದು ಅನ್ಯಾಯ.

ಪೋಷಕರ ಆಕ್ಷೇಪ ನೇರವಾಗಿರುತ್ತದೆ: ‘ಆ ಪೀರಿಯಡ್‌ನಲ್ಲಿ ಪಾಠವನ್ನೇ ಮಾಡುವುದಿಲ್ಲವಂತೆ, ಹೌದೇ ಸಾರ್?’ ಹೌದು ಎನ್ನುತ್ತೇನೆ, ಮಗಳ ಚೀಟಿಗಳ ಕಟ್ಟು ಬಿಚ್ಚಿ ತೋರಿಸುತ್ತೇನೆ. ಅಂಕಪಟ್ಟಿ ನೋಡಿ ಅಭ್ಯಾಸವಾದವರಿಗೆ, ತಮ್ಮ ಮಗುವಿಗೆ ಏನು ಬಾರದು ಎಂದು ಮಗುವೇ ಬರೆದಿರುವುದನ್ನು ಓದುವುದು ಹೊಸದು. ಅಧಿಕಾರಿಗಳದ್ದು ಬೇರೆ ತಕರಾರು. ತರಗತಿ ನೋಡಲು ಬರುವ ವಿಷಯ ಪರಿವೀಕ್ಷಕರಿಗೆ ಖಾಲಿ ಕಪ್ಪುಹಲಗೆ ಎಂದರೆ ಕೆಲಸ ಮಾಡದ ಶಿಕ್ಷಕ. ಪಾಠಯೋಜನೆಯ ನಮೂನೆಯಲ್ಲೂ ಇದನ್ನು ಬರೆಯಲು ಕಾಲಂ ಇಲ್ಲ. ಮುಖ್ಯೋಪಾಧ್ಯಾಯರು ಒಪ್ಪಿ ವೇಳಾಪಟ್ಟಿಯಲ್ಲೇ ಹೆಸರು ಹಾಕಿ ಬರೆದರೆ ಅರ್ಧ ತೊಂದರೆ ತಪ್ಪುತ್ತದೆ.

ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಗಣಿತ ಹೋದ ಮಗುವಿಗೆ ಎರಡನೆಯದಕ್ಕೆ ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ಇಡೀ ಪುಸ್ತಕ ತಿರುವಿಹಾಕಲು ಆಗುವುದಿಲ್ಲ. ಎಲ್ಲಿಂದ ಶುರುಮಾಡಬೇಕು ಎಂಬುದೇ ಅಲ್ಲಿ ಪ್ರಶ್ನೆ, ಅದಕ್ಕೆ ಅಂಕಪಟ್ಟಿಯಲ್ಲಿರುವ ಸಂಖ್ಯೆ ಉತ್ತರ ಕೊಡುವುದಿಲ್ಲ. ಪಾಸಾದವರ ಕಥೆಯೂ ಪೂರ್ತಿ ಬೇರೆಯಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಶೇ 90 ದಾಟಿ ವಿಜ್ಞಾನಕ್ಕೆ ಸೇರಿದ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಮೊದಲ ಪಿಯುಸಿಯಲ್ಲಿ ಕುಸಿಯುವುದಕ್ಕೆ ಇಂಗ್ಲಿಷ್ ಕಾರಣ ಎನ್ನುತ್ತೇವೆ. ಅದು ದೊಡ್ಡ ಕಾರಣವೇ. ಜೊತೆಗೆ, ಹಾಸ್ಟೆಲ್ ಕೋಣೆಯಲ್ಲಿ ಸಂಜೆ ಏಳಕ್ಕೆ ‘ಈಗ ಇದನ್ನು ತೆಗೆ’ ಎಂದು ಹೇಳುವವರು ಯಾರೂ ಇರುವುದಿಲ್ಲ.

ಈ ಹೊತ್ತನ್ನು ಎಲ್ಲಿಂದ ತರುವುದು ಎಂದು ಕೇಳುವ ಮುಖ್ಯೋಪಾಧ್ಯಾಯರಿಗೆ: ದೈಹಿಕ ಶಿಕ್ಷಣದ ಪೀರಿಯಡ್‌ಗೆ ಕೈ ಹಾಕಬೇಡಿ, ಅದನ್ನು ನಾವು ಗಣಿತದವರು ಈಗಾಗಲೇ ಸಾಕಷ್ಟು ಕದ್ದಿದ್ದೇವೆ. ಹತ್ತನೆಯವರಿಗೆ ಸಂಜೆಯ ವಿಶೇಷ ತರಗತಿಗಳಲ್ಲಿ ಎರಡನ್ನು ಇದಕ್ಕೆ ಬಿಡಿ. ಎಂಟು, ಒಂಬತ್ತನೆಯವರಿಗೆ ವಾರದ ನಡುವೆ ಒಂದು ಪೀರಿಯಡ್‌ನಿಂದ ಶುರುಮಾಡಿ. ಶನಿವಾರದ ಕೊನೆಯ ಪೀರಿಯಡ್ ಮಾತ್ರ ಬೇಡ, ಆಗ ಎಲ್ಲರ ಕಣ್ಣೂ ಬಸ್ಸಿನ ಮೇಲಿರುತ್ತದೆ. ಯಾರೋ ಶಿಕ್ಷಕರು ರಜೆ ಹಾಕಿದ ದಿನದ ಖಾಲಿ ಪೀರಿಯಡ್‌ಗೆ ಇದೇ ಹೆಸರಿಡುವುದೂ ಬೇಡ. ಅದು ಆಕಸ್ಮಿಕವಾಗಿ ಸಿಕ್ಕ ಬಿಡುವು ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತಿರುತ್ತದೆ, ಹಾಗೆಯೇ ಅದನ್ನು ಕಳೆಯುತ್ತಾರೆ. ವಾರ ವಾರ ಅದೇ ದಿನ, ಅದೇ ಹೊತ್ತಿಗೆ ಬರುವ ಪೀರಿಯಡ್ ಆದರೆ ಚೀಟಿಯಲ್ಲಿ ಏನು ಬರೆಯಬೇಕೆಂದು ಹಿಂದಿನ ದಿನವೇ ಯೋಚಿಸಿಕೊಂಡು ಬರುವವರು ಹುಟ್ಟಿಕೊಳ್ಳುತ್ತಾರೆ.