ದುಡ್ಡಿದ್ದವರ ಮಕ್ಕಳ ಶವ ಮಾತ್ರ ಊರಿಗೆ ಬಂತಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋದಾಗ, ಟಿಪ್ಪು ವಂಶದ, ಬ್ರಿಟನ್ನಿನ ಗೂಢಚಾರಿಣಿಯಾಗಿದ್ದ ನೂರ್ ಇನಾಯತ್ ಖಾನ್ ಹೆಸರು ನೋಡಲು ವಾಯುಪಡೆಯ ರನ್ನಿಮೀಡ್ ಸ್ಮಾರಕಕ್ಕೂ ಹೋಗಿದ್ದೆವು. ಅಲ್ಲಿ ಎರಡನೇ ಮಹಾಯುದ್ಧದ ಬಾಂಬರ್ ವಿಮಾನದ ಹುಡುಗರ ಹೆಸರುಗಳೂ ಸಾಲುಸಾಲಾಗಿವೆ. ಅವರನ್ನೆಲ್ಲ ಹೂಳಿದ್ದು ಅಲ್ಲೇನಾ? ಸಾಹುಕಾರರ, ದೊಡ್ಡ ಅಧಿಕಾರಿಗಳ ಶವ ಮಾತ್ರ ಊರಿಗೆ ಬಂತಂತೆ, ಹೌದಾ?

ಉತ್ತರ: ಅಲ್ಲಿ ಒಂದೂ ಸಮಾಧಿ ಇಲ್ಲ. 1953ರಲ್ಲಿ ತೆರೆದ ಆ ಸ್ಮಾರಕದಲ್ಲಿ 20 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ. ಎಲ್ಲಿ ಮಣ್ಣಾದರೆಂದು ಗೊತ್ತಾಗದೆ ಉಳಿದವರ ಹೆಸರುಗಳು ಅವು. ದೇಹ ಸಿಕ್ಕಿ ಗುರುತೂ ಸಿಕ್ಕಿದ್ದರೆ ಹೆಸರು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಇನ್ನು ಸಾಹುಕಾರರ ಕಥೆ. ಇದನ್ನು ಎಷ್ಟು ಸಲ ಅಲ್ಲಗಳೆದರೂ ಮತ್ತೆ ಎದ್ದು ಬರುತ್ತದೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಒಂದು ಕಾಲಕ್ಕೆ ಇದು ನಿಜವೇ ಆಗಿತ್ತು. 1915ರ ಏಪ್ರಿಲ್‌ನಲ್ಲಿ, ಅಂದರೆ ಮೊದಲನೇ ಮಹಾಯುದ್ಧದಲ್ಲಿ, ಮಾಜಿ ಪ್ರಧಾನಿ ಗ್ಲಾಡ್‌ಸ್ಟನ್ ಅವರ ಮೊಮ್ಮಗ ಸತ್ತಾಗ ಶವವನ್ನು ಫ್ರಾನ್ಸಿನಿಂದ ಮನೆಗೆ ತಂದರು. ಬಡವರ ಮಕ್ಕಳಿಗಿಲ್ಲದ್ದು ಇವರಿಗೆ ಯಾಕೆ ಎನ್ನುವ ಮಾತು ಬಂತು. ಆಮೇಲೆ ಶವ ತರುವುದನ್ನೇ ನಿಲ್ಲಿಸಿದರು. ಸತ್ತ ನೆಲದಲ್ಲೇ ಸಮಾಧಿ, ಜನರಲ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು. ಎರಡನೇ ಮಹಾಯುದ್ಧದಲ್ಲೂ ಅದೇ ನಿಯಮ ಇತ್ತು.

ನಂಬಿಕೆ ಬರಲಿಲ್ಲವಾ? ಗೈ ಗಿಬ್ಸನ್ ಅವರನ್ನೇ ನೋಡಿ. 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳ ಮೇಲೆ ನಡೆದ ದಾಳಿಯ ನಾಯಕ. ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದವರು, ದೇಶಕ್ಕೆಲ್ಲ ಗೊತ್ತಿದ್ದ ಮುಖ. 1944ರ ಸೆಪ್ಟೆಂಬರ್‌ನಲ್ಲಿ ಅವರ ವಿಮಾನ ನೆದರ್ಲೆಂಡ್ಸ್‌ನ ಸ್ಟೇನ್‌ಬರ್ಗನ್ ಊರಲ್ಲಿ ಬಿತ್ತು. ಇವತ್ತಿಗೂ ಅಲ್ಲೇ ಇದ್ದಾರೆ, ಪಕ್ಕದಲ್ಲಿ ಅವರ ನ್ಯಾವಿಗೇಟರ್. ಅವರನ್ನೇ ತರದವರು ಇನ್ಯಾರನ್ನು ತರುತ್ತಾರೆ, ಹೇಳಿ?

ಹಾಗಾದರೆ ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಅಂಗಳದಲ್ಲಿ ವಿಮಾನದ ಹುಡುಗರ ಸಮಾಧಿ ಕಾಣುತ್ತವಲ್ಲ ಅಂತ ಕೇಳಬಹುದು. ಅವರಲ್ಲಿ ಹೆಚ್ಚಿನವರು ಬ್ರಿಟನ್ನಿನಲ್ಲೇ ಸತ್ತವರು. ತರಬೇತಿಯಲ್ಲಿ ವಿಮಾನ ಬಿದ್ದೋ, ದಾಳಿಯಿಂದ ಹೇಗೋ ವಾಪಸ್ ಬಂದು ರನ್‌ವೇ ಹತ್ತಿರ ಅಪ್ಪಳಿಸಿಯೋ ಸತ್ತರೆ ಮನೆಯವರು ಶವ ಕೇಳಿ ಪಡೆಯಬಹುದಿತ್ತು. ಕೂಲಿಯವನ ಮಗನಿಗೂ ಆ ಅವಕಾಶ ಇತ್ತು. ಅಮೆರಿಕದ ಲೆಕ್ಕವೇ ಬೇರೆ. ಯುದ್ಧ ಮುಗಿದ ಮೇಲೆ ಅವರು ಮನೆಯವರನ್ನೇ ಕೇಳಿದರು. ತನ್ನಿ ಎಂದವರಿಗೆ ಸರ್ಕಾರಿ ಖರ್ಚಿನಲ್ಲೇ ತಂದುಕೊಟ್ಟರು. ನಾವು ಎರಡನ್ನೂ ಸೇರಿಸಿ ಸಾಂಬಾರು ಮಾಡಿಕೊಂಡಿದ್ದೇವೆ.

ಬ್ರಿಟನ್ನಿನ ವಾಯುಪಡೆಯಲ್ಲಿ ಬಾಂಬ್ ದಾಳಿಯ ವಿಭಾಗವಾದ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000. ಸತ್ತವರು 55,573. ಯಾರ ಹೆಸರು ಸಮಾಧಿ ಕಲ್ಲಿನ ಮೇಲೆ, ಯಾರದು ಸ್ಮಾರಕದ ಗೋಡೆಯ ಮೇಲೆ ಎನ್ನುವುದನ್ನು ಹುದ್ದೆ ತೀರ್ಮಾನಿಸಲಿಲ್ಲ. ಅದೇ ಅಣೆಕಟ್ಟು ದಾಳಿಯ ರಾತ್ರಿ ವರ್ನನ್ ಬೈಯರ್ಸ್ ಅವರ ಲ್ಯಾಂಕಾಸ್ಟರ್ ವಿಮಾನ ಡಚ್ ಕರಾವಳಿಯ ವಾಡನ್ ಸಮುದ್ರಕ್ಕೆ ಬಿತ್ತು. ಒಳಗೆ ಏಳು ಜನ. ಒಂದು ತಿಂಗಳ ಮೇಲೆ ಒಬ್ಬರ ದೇಹ ಮಾತ್ರ ನೀರಲ್ಲಿ ಸಿಕ್ಕಿತು, ಬಾಲದ ತುದಿಯಲ್ಲಿ ಕೂತಿದ್ದ ಗನ್ನರ್ ಮೆಕ್‌ಡೊವೆಲ್ ಅವರದು. ಅವರಿಗೆ ಹಾರ್ಲಿಂಗನ್ ಊರಲ್ಲಿ ಸಮಾಧಿ ಇದೆ. ಪೈಲಟ್ ಬೈಯರ್ಸ್ ಸೇರಿ ಉಳಿದ ಆರು ಜನ ರನ್ನಿಮೀಡ್ ಗೋಡೆಯಲ್ಲಿ.

ನೀವು ಕೇಳಲಿಲ್ಲ, ಆದರೂ ಕೋಲಾರದ ವಿಷಯ ಹೇಳದೆ ಬಿಡಲು ಮನಸ್ಸಿಲ್ಲ. 1944ರ ನವೆಂಬರ್‌ನಲ್ಲಿ ಬ್ರಿಟಿಷ್ ವಾಯುಪಡೆಯ 358ನೇ ಸ್ಕ್ವಾಡ್ರನ್ ಶುರುವಾಗಿದ್ದು ನಮ್ಮ ಕೋಲಾರದಲ್ಲಿ, ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರ್‌ಗಳೊಂದಿಗೆ. ಆಮೇಲೆ ಬಂಗಾಳಕ್ಕೆ ಹೋದ ಈ ಪಡೆಗೆ ಬಾಂಬ್ ಹಾಕುವ ಕೆಲಸ ಸಿಕ್ಕಿದ್ದೇ ಕಡಿಮೆ. ಬರ್ಮಾ, ಸಿಯಾಮ್ (ಈಗಿನ ಥಾಯ್ಲೆಂಡ್), ಇಂಡೋಚೀನಾದ ಕಾಡುಗಳಲ್ಲಿ ಗೂಢಚಾರರನ್ನೂ ಸಾಮಾನನ್ನೂ ಇಳಿಸುವುದೇ ಜಾಸ್ತಿ. ಆ ಕಡೆ ಹೋಗಿ ಕಾಣೆಯಾದವರನ್ನು ರನ್ನಿಮೀಡ್‌ನಲ್ಲಿ ಹುಡುಕಬೇಡಿ. ಅವರ ಹೆಸರಿರುವುದು ಸಿಂಗಾಪುರದ ಕ್ರಾಂಜಿ ಸ್ಮಾರಕದಲ್ಲಿ. ಅಲ್ಲಿ 24 ಸಾವಿರಕ್ಕೂ ಜಾಸ್ತಿ ಹೆಸರುಗಳಿವೆ, ಸುಮ್ನೆ ಹೋಗಿ ನಿಂತರೆ ತಲೆ ತಿರುಗುತ್ತದೆ. ಹೊರಡುವ ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ, ಅದು ಯಾವ ಕಂಬದಲ್ಲಿದೆ ಎನ್ನುವ ಕಾಲಂ ನಂಬರ್ ಸಿಗುತ್ತದೆ. ಸರ್ವಿಸ್ ನಂಬರ್ ಗೊತ್ತಿದ್ದರೆ ಇನ್ನೂ ಸಲೀಸು, ಸ್ಮಿತ್ ಎನ್ನುವ ಒಂದೇ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ.