ಮರದ ಕಂಬಕ್ಕೆ ಹೊಡೆದರೆ ಕತ್ತಿವರಸೆ ಬರುತ್ತಾ?

ಪ್ರಶ್ನೆ: ಜಪಾನಿನ ಜಿಗೆನ್-ರ್ಯು ಅಭ್ಯಾಸದ ವಿಡಿಯೊ ನೋಡಿದೆ. ಕಿರುಚುತ್ತಾ ಒಂದು ಕಂಬಕ್ಕೆ ಕೋಲಿನಲ್ಲಿ ಬಡಿಯುತ್ತಾರೆ, ಅಷ್ಟೇ. ಎದುರಾಳಿಯೇ ಇಲ್ಲದೆ ಕಾದಾಟ ಕಲಿಯೋದು ಹೇಗೆ?

ಉತ್ತರ: ಜೋಡಿಯಾಗಿ ಮಾಡುವ ವರಸೆಗಳೂ ಜಿಗೆನ್-ರ್ಯುನಲ್ಲಿವೆ. ಆದರೆ ಅದರ ಜೀವ ಇರುವುದು ಆ ಕಂಬದಲ್ಲೇ. ('ರ್ಯು' ಅಂದರೆ ಸಂಗೀತದಲ್ಲಿ ಘರಾಣೆ ಅನ್ನುತ್ತೇವಲ್ಲ, ಹಾಗೆ.)

ಇದನ್ನು ಕಟ್ಟಿದವರು ಸತ್ಸುಮಾದ, ಅಂದರೆ ಇಂದಿನ ಕಾಗೋಷಿಮಾ ಕಡೆಯ, ತೋಗೊ ಶಿಗೆಕತಾ. 1588ರಲ್ಲಿ ಕ್ಯೋಟೊಗೆ ಹೋದಾಗ ಜೆಂಕಿಚಿ ಎಂಬ ಸನ್ಯಾಸಿಯಿಂದ ವಿದ್ಯೆ ಕಲಿತರು. ಊರಿಗೆ ಬಂದು ಮನೆಯಂಗಳದ ಮರಗಳಿಗೆ ಹೊಡೆದು ಹೊಡೆದು, ಮರಗಳೇ ಒಣಗಿಹೋದವಂತೆ. 1604ರಲ್ಲಿ ಅಲ್ಲಿನ ದೊರೆಯ ಕತ್ತಿ ಗುರುವನ್ನೇ ಸೋಲಿಸಿ ಆ ಜಾಗಕ್ಕೆ ಬಂದರು.

ಕೈಯಲ್ಲಿರುವ ಕೋಲು ಯುಸುನೊಕಿ ಎಂಬ ಗಟ್ಟಿ ಮರದ ಕೊಂಬೆ. ಅದನ್ನು ಕತ್ತಿಯ ಆಕಾರಕ್ಕೆ ಕೆತ್ತುವುದೂ ಇಲ್ಲ. ಬಲಗೈಯನ್ನು ಕಿವಿಯ ಪಕ್ಕ ಮೇಲಕ್ಕೆತ್ತಿ, ಕೋಲನ್ನು ನೆಟ್ಟಗೆ ಹಿಡಿಯುತ್ತಾರೆ. ಈ ನಿಲುವಿಗೆ ತೊಂಬೊ, ಅಂದರೆ ಏರೋಪ್ಲೇನ್ ಚಿಟ್ಟೆ, ಅಂತ ಹೆಸರು. ದೂರದಿಂದ ಓಡಿಬಂದು ಎಡಕ್ಕೊಂದು, ಬಲಕ್ಕೊಂದು ಏಟು. ಬೆಳಗ್ಗೆ 3,000, ಸಂಜೆ 8,000 ಏಟು ಹೊಡೆಯಬೇಕು ಅನ್ನೋದು ಹಳೆಯ ಮಾತು.

ಕಂಬಕ್ಕೆ ಹೊಡೆದರೆ ಸುಳ್ಳು ನಡೆಯಲ್ಲ. ಹಿಡಿತ ಸಡಿಲವಾದರೆ ಪೆಟ್ಟು ನಿಮ್ಮ ಮಣಿಕಟ್ಟಿಗೇ ವಾಪಸ್ ಬರುತ್ತದೆ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು ಹೆದರಿಕೆ. ನಿಜವಾದ ಕತ್ತಿಯ ಎದುರು ನಿಂತವನ ಅರ್ಧ ಮೈ ಹಿಂದಕ್ಕೇ ಎಳೆಯುತ್ತದೆ, ಅಲ್ವಾ? ತಪ್ಪಿಸಿಕೊಳ್ಳೋಣವೇ, ತಡೆಯೋಣವೇ ಅನ್ನುವಷ್ಟರಲ್ಲಿ ಕೈ ತಡವಾಗುತ್ತದೆ. ಆ ಅನುಮಾನ ಹುಟ್ಟುವ ಮೊದಲೇ ಏಟು ಬಿದ್ದಿರಬೇಕು, ಎರಡನೇ ಏಟು ಬೇಕಾಗಲೇಬಾರದು ಅನ್ನೋದು ಜಿಗೆನ್-ರ್ಯು ಪಾಠ. ನೀವು ಕೇಳಿದ ಆ ಕಿರುಚಾಟಕ್ಕೆ ಎಂಕ್ಯೊ, ಅಂದರೆ ಕೋತಿಯ ಕೂಗು, ಅನ್ನುತ್ತಾರೆ. ಉಸಿರು, ಕಾಲು, ಕೈ ಎಲ್ಲಾ ಒಂದೇ ಸಲ ಮುಂದಕ್ಕೆ ನುಗ್ಗುವ ಸದ್ದು ಅದು. ನನಗಂತೂ ಇಷ್ಟು ನೇರವಾದ ಕಲಿಕೆ ಬೇರೆ ಯಾವ ಕತ್ತಿವರಸೆಯಲ್ಲೂ ಕಂಡಿಲ್ಲ.

ಇದು ಎಷ್ಟು ಕೆಲಸ ಮಾಡುತ್ತಿತ್ತು ಅನ್ನುವುದನ್ನು ಎದುರಾಳಿಗಳ ಬಾಯಲ್ಲೇ ಕೇಳಬೇಕು. 1860ರ ದಶಕದಲ್ಲಿ ಅಂದಿನ ಷೋಗನ್ ಸರ್ಕಾರದ ಪರ ಕಾದಾಡಿದ ಶಿನ್ಸೆನ್‌ಗುಮಿ ಎಂಬ ಕತ್ತಿಗಾರರ ಪಡೆಯ ನಾಯಕ ಕೊಂಡೊ ಇಸಾಮಿ ತನ್ನವರಿಗೆ, ಸತ್ಸುಮಾದವರ ಮೊದಲ ಏಟನ್ನು ಹೇಗಾದರೂ ತಪ್ಪಿಸಿಕೊಳ್ಳಿ ಅಂತ ಹೇಳುತ್ತಿದ್ದನಂತೆ. ಕತ್ತಿ ಅಡ್ಡ ಹಿಡಿದು ತಡೆದವರಿಗೆ, ಆ ಏಟಿನ ರಭಸಕ್ಕೆ ತಮ್ಮ ಕತ್ತಿಯೇ ಹಣೆಗೆ ನಾಟಿದ ಕಥೆಗಳೂ ಇವೆ.