‘ಅಕ್ಕ’ ಅಂದರೆ ‘ಅಪ್ಪ’ ಅಂತ ಕೇಳಿಸೋದು ಯಾಕೆ?

ಮಾಲೂರು ತಾಲೂಕಿನ ಶಿವಾರಪಟ್ಟಣ ಕಣ್ಣಿಗಿಂತ ಮೊದಲು ಕಿವಿಗೆ ಬೀಳುವ ಊರು. ಹಿಂದೆಲ್ಲ ಉಳಿ ಸುತ್ತಿಗೆಯ ಟಣ್ ಟಣ್ ಇತ್ತು. ಈಗ ಅದರ ಜೊತೆ ಕಟಿಂಗ್ ಮೆಷಿನ್ನಿನ ಕಿರ್ರೋ ಸದ್ದು.

ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಕಲ್ಲು ಕೊರೆದವರು. ಅವರು ಪೂರ್ತಿ ಕಿವುಡಲ್ಲ. ಬೀದಿ ತುದಿಯಲ್ಲಿ ಲಾರಿ ಬಂದರೂ ಗೊತ್ತಾಗುತ್ತೆ. ಆದರೆ ‘ಅಕ್ಕ ಎಲ್ಲಿ?’ ಅಂದರೆ ‘ನಿಮ್ಮಪ್ಪ ತೋಟದಲ್ಲಿದ್ದಾರೆ’ ಅಂತಾರೆ. ಗಮನ ಇಟ್ಟು ಕೇಳಲ್ಲ ಅಂತ ಮನೆಯವರೆಲ್ಲ ರೇಗಿದ್ದೇವೆ. ಪಾಪ, ಗಮನದ ತಪ್ಪಲ್ಲ ಅದು.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿದ ಒಂದು ಕೊಳವೆ ಇದೆ. ಬಿಚ್ಚಿ ನೀಳ ಮಾಡಿದರೆ ಸುಮಾರು 35 ಮಿಲಿಮೀಟರ್. ಅದರೊಳಗೆ ನೀರಿನಂಥ ದ್ರವ, ಅದರ ಅಲೆಗೆ ತೊನೆಯುವ ಸುಮಾರು 15,000 ಕೂದಲು ಕೋಶಗಳು. 1851ರಲ್ಲಿ ಇಟಲಿಯ ಆಲ್ಫಾನ್ಸೋ ಕಾರ್ಟಿ ಈ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದರು. ಈ ಕೊಳವೆಗೆ ಸದ್ದು ಒಳಬರುವ ತುದಿಯೇ ಅದರ ಬಾಗಿಲು; ಅಲೆ ಆ ಬಾಗಿಲಿಂದ ಒಳಗೆ ಹೇಗೆ ಓಡುತ್ತೆ ಅಂತ ತೋರಿಸಿದ ವಿಜ್ಞಾನಿ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು.

ಚಿಕ್ಕಪ್ಪನ ಕಥೆ ಇರೋದು ಆ ಬಾಗಿಲಲ್ಲೇ. ತೆಳು, ಚೂಪು ಸದ್ದುಗಳನ್ನು ಹಿಡಿಯುವ ಕೋಶಗಳು ಬಾಗಿಲ ಹತ್ತಿರ ಇವೆ. ಮೊದಲು ಸಾಯೋದೂ ಅಲ್ಲಿನವೇ. ಚಿಕ್ಕಪ್ಪನ ಆಡಿಯೋಗ್ರಾಂನಲ್ಲಿ, ಅಂದರೆ ಕಿವಿ ಪರೀಕ್ಷೆಯ ನಕ್ಷೆಯಲ್ಲಿ, ಗೆರೆ ನೆಟ್ಟಗೆ ಬಂದು ಚೂಪು ಸದ್ದಿನ ಕಡೆ, 4000 ಹರ್ಟ್ಸ್ ಹತ್ತಿರ, ಗುಂಡಿಗೆ ಬಿದ್ದ ಹಾಗೆ ಇಳಿದಿದೆ. ‘ಅ’ ಕೇಳುತ್ತೆ. ನಡುವಿನ ಕ್ಕ, ಪ್ಪ, ತ್ತ ಒಂದೇ ಥರ ಆಗಿಬಿಡುತ್ತೆ. ಹಕ್ಕಿಗಳಲ್ಲಿ ಈ ಕೋಶಗಳು ಮತ್ತೆ ಬೆಳೆಯುತ್ತವೆ ಅಂತ 1988ರಲ್ಲಿ ಗೊತ್ತಾಯಿತು. ನಮ್ಮಲ್ಲಿ ಬೆಳೆಯಲ್ಲ.

ಸದ್ದಿನ ಕೆಲಸ ಕಿವಿ ತಿನ್ನುತ್ತೆ ಅನ್ನೋದು ಹಳೇ ಮಾತು. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ಬಾಯ್ಲರ್ ಮಾಡುವ 100 ಜನರ ಕಿವಿ ಹತ್ತಿರ ಗಡಿಯಾರ ಹಿಡಿದು ಪರೀಕ್ಷೆ ಮಾಡಿದರು. ಒಬ್ಬರ ಕಿವಿಯೂ ಸರಿ ಇರಲಿಲ್ಲ. ಅದೇ ದಶಕದಲ್ಲಿ ನಮ್ಮ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿತ್ತು. 2001ರ ಫೆಬ್ರವರಿವರೆಗೂ ನಡೆದ ಗಣಿ ಅದು. ಮೂರು ಕಿಲೋಮೀಟರ್ ಆಳದವರೆಗೂ ಡ್ರಿಲ್ಲು, ಸಿಡಿಮದ್ದು. ಗಣಿ ಕಾಯಿಲೆ ಅಂದರೆ ಇವತ್ತಿಗೂ ಕಲ್ಲಿನ ಧೂಳಿಂದ ಶ್ವಾಸಕೋಶ ಕೆಡುವ ಸಿಲಿಕೋಸಿಸ್ ಮಾತೇ ಜಾಸ್ತಿ. ಕೆಮ್ಮು ಊರಿಗೆಲ್ಲ ಕೇಳಿಸುತ್ತೆ. ಕಿವಿ ಹೋಗಿದ್ದು ಯಾರಿಗೆ ಕಾಣುತ್ತೆ?

ಕೆಲಸದಿಂದ ಬಂದರೆ ಪರಿಹಾರ ಕೊಡಬೇಕಾದ ಕಾಯಿಲೆಗಳ ಪಟ್ಟಿ ಕಾನೂನಿನಲ್ಲಿದೆ; ಸದ್ದಿನಿಂದ ಬರೋ ಕಿವುಡು ಅದರಲ್ಲಿದೆ. ಕಾರ್ಖಾನೆ ನಿಯಮದಲ್ಲಿ 90 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ, 100 ಆದರೆ 2 ಗಂಟೆ ಅಂತ ಮಿತಿ. ಕಲ್ಲಿಗೆ ತಾಗಿದ ಮೆಷಿನ್ 100ರ ಆಸುಪಾಸಿನದು. ಆದರೆ ನಾಲ್ಕು ಜನ ಕೂತು ಕೆತ್ತುವ ಶೆಡ್ಡನ್ನು ಕಾರ್ಖಾನೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ನನಗೆ ಹೊಟ್ಟೆ ಉರಿಯೋದು ಇಲ್ಲೇ.

ಚಿಕ್ಕಪ್ಪನ ಮಗನೂ ಈಗ ಅದೇ ಮೆಷಿನ್ ಹಿಡಿದಿದ್ದಾನೆ. ರಾತ್ರಿ ಕಿವಿಯಲ್ಲಿ ಗುಯ್ ಅನ್ನುತ್ತೆ ಅಂತಿದ್ದ. ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಿದ್ದ. ಹತ್ತಿ ಈ ಸದ್ದನ್ನು ಅಷ್ಟಾಗಿ ತಡೆಯಲ್ಲ. ಹೋದ ವಾರ ಎರಡೂ ಕಿವಿ ಮುಚ್ಚುವ ಇಯರ್ ಮಫ್ ತಂದುಕೊಟ್ಟೆ. ಸಂಜೆ ತೆಗೆದಿಟ್ಟು, ಸುಮ್ನೆ ಒಂದು ನಿಮಿಷ ಕೂತಿದ್ದು, ‘ಅಣ್ಣ, ಇವತ್ತು ಗುಯ್ ಅಂತಿಲ್ಲ’ ಅಂದ.